ಕೂಗುವ ಪಂಪು

ಹೋಟೆಲಿನಲ್ಲಿ ದುಡಿದವರಿಗೆ ನೀರಿನ ಬೆಲೆಯನ್ನು ಯಾರೂ ತಿಳಿಸಿಕೊಡಬೇಕಾದುದಿಲ್ಲ. ಹಾಲು ಸಾಲದಾದರೆ ಮೂಲೆಯ ಡೈರಿಯಿಂದ ತರಿಸಬಹುದು. ಗ್ಯಾಸು ತೀರಿದರೆ ನೆರೆಯ ಹೋಟೆಲಿನವರಲ್ಲಿ ಒಂದು ಸಿಲಿಂಡರನ್ನು ಕೈಗಡವಾಗಿ ಕೇಳಬಹುದು. ನೀರು ನಿಂತಿತೆಂದರೆ ಗಲ್ಲಾದಲ್ಲಿ ಕುಳಿತವರೂ ಮೋರಿಯ ಬಳಿ ತಟ್ಟೆ ತೊಳೆಯುವವನೂ ಸಮನಾಗಿ ಕೈಕಟ್ಟಿ ನಿಲ್ಲಬೇಕಾಗುತ್ತದೆ. ಹೀಗಿದ್ದೂ ಆ ನೀರನ್ನು ಎತ್ತಿ ಕೊಡುವ ಪಂಪಿನ ಕಡೆಗೆ, ಅದು ಕೆಟ್ಟು ನಿಂತ ದಿನದ ಹೊರತು, ನಾವಾರೂ ತಿರುಗಿ ನೋಡುವುದಿಲ್ಲ. ಕೆಡುವುದಕ್ಕೆ ಮೊದಲು ಅದು ದಿನಗಟ್ಟಲೆ ಕೂಗಿರುತ್ತದೆ. ಆ ಕೂಗಿನ ವಿಷಯವನ್ನೇ ಇಂದು ಬರೆಯಬೇಕೆಂದಿದ್ದೇವೆ.

ಪುಣೆಯಲ್ಲಿ ನಮ್ಮ ಪರಿಚಯದ ಒಬ್ಬ ತರುಣರಿದ್ದಾರೆ, ಕುಂದಾಪುರದ ಕಡೆಯವರು. ಹದಿನೆಂಟನೆಯ ವಯಸ್ಸಿಗೆ ಮುಂಬಯಿಗೆ ಬಂದು, ಮೊದಲು ಕ್ಲೀನರ್ ಆಗಿ, ಬಳಿಕ ಸಪ್ಲೈಯರ್ ಆಗಿ, ಕಡೆಗೆ ಗಲ್ಲಾದವರೆಗೆ ಏರಿದವರು. ಹನ್ನೆರಡು ವರ್ಷಗಳ ಉಳಿತಾಯಕ್ಕೆ ಬ್ಯಾಂಕಿನ ಸಾಲವನ್ನೂ ಸೇರಿಸಿ, 2023ರಲ್ಲಿ ಒಂದು ಹಳೆಯ ವ್ಯಾನನ್ನು ಕೊಂಡು ಅದನ್ನು ಸಂಚಾರಿ ಕ್ಯಾಂಟೀನಾಗಿ ಮಾರ್ಪಡಿಸಿಕೊಂಡರು. ಒಂದು ವಸತಿ ಸೊಸಾಯಿಟಿಯ ಗೇಟಿನ ಪಕ್ಕದ ಖಾಲಿ ಜಾಗವನ್ನು ಬಾಡಿಗೆಗೆ ಹಿಡಿದು, ಮುಂಜಾನೆಯಿಂದ ಹನ್ನೊಂದು ಗಂಟೆಯವರೆಗೆ ಇಡ್ಲಿ, ವಡೆ, ಉಪ್ಪಿಟ್ಟು, ಕಾಫಿ ಮಾರುತ್ತಾರೆ. ಆಫೀಸಿಗೆ ಹೊರಟವರು ನಿಂತೇ ತಿಂದು ಹೋಗುತ್ತಾರೆ. ವ್ಯಾಪಾರ ಚೆನ್ನಾಗಿಯೇ ಇತ್ತು.

2024ರ ನವೆಂಬರಿನಲ್ಲಿ ಅವರು ನಮಗೆ ಫೋನು ಮಾಡಿದರು. ವ್ಯಾನಿನ ನೀರಿನ ಪಂಪು ವಿಪರೀತವಾಗಿ ಸದ್ದು ಮಾಡುತ್ತಿದೆ. ಮೊದಲ ಮಹಡಿಯವರು ದೂರು ಕೊಟ್ಟಿದ್ದಾರೆ. ತಿಂಗಳ ಕೊನೆಯೊಳಗೆ ಸದ್ದು ನಿಲ್ಲದಿದ್ದರೆ ಜಾಗ ಖಾಲಿ ಮಾಡಬೇಕೆಂದು ಸೊಸಾಯಿಟಿಯ ಕಾರ್ಯದರ್ಶಿಗಳು ಕಾಗದ ಕಳುಹಿಸಿದ್ದಾರೆ. ಮೆಕ್ಯಾನಿಕನು ಎರಡು ಬಾರಿ ಹೊಸ ಪಂಪನ್ನೇ ಹಾಕಿದ್ದಾನೆ, ಮೂರನೆಯದನ್ನು ತರಿಸೋಣವೆನ್ನುತ್ತಿದ್ದಾನೆ. “ಅಣ್ಣ, ನೀವು ಹೋಟೆಲು ನಡೆಸಿದವರು, ಒಮ್ಮೆ ಬಂದು ನೋಡಿ” ಎಂದರು. ನಾವು ಎಂಜಿನಿಯರರಲ್ಲ. ಎಸ್.ಎಸ್.ಎಲ್.ಸಿ. ಮುಗಿಸಿ ಹೋಟೆಲಿಗೆ ಇಳಿದು, ಕೊನೆಗೆ ಲೇಖನಿ ಹಿಡಿದು ಕುಳಿತವರು. ಆದರೂ ಸಾಲದ ಕಂತನ್ನು ತಲೆಯ ಮೇಲೆ ಹೊತ್ತ ಮನುಷ್ಯನು ಕರೆದಾಗ ಇಲ್ಲವೆನ್ನುವುದು ಹೇಗೆ? ಆ ಶನಿವಾರ ರಾತ್ರಿಯೇ ಪುಣೆಗೆ ಹೊರಟೆವು.

ಬೆಳಗಿನ ಐದೂವರೆಗೆ ವ್ಯಾನಿನೊಳಗೆ ನಿಂತು ನಲ್ಲಿಯನ್ನು ತಿರುಗಿಸಿದೆವು. ಗಡಗಡವೆಂದು ಹೊಮ್ಮಿದ ಸದ್ದನ್ನು ಕೇಳಿದಾಗ ದೂರು ಕೊಟ್ಟವರ ಮೇಲೆ ನಮಗಿದ್ದ ಅಲ್ಪಸ್ವಲ್ಪ ಅಸಮಾಧಾನವೂ ಹೊರಟುಹೋಯಿತು. ಕಾಯಿದೆಯೂ ಅವರ ಪಕ್ಷದಲ್ಲಿಯೇ ಇದೆ. 2000ದ ಶಬ್ದಮಾಲಿನ್ಯ ನಿಯಮಗಳ ಮೇರೆಗೆ ವಸತಿ ಪ್ರದೇಶದಲ್ಲಿ ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ 45 ಡೆಸಿಬೆಲ್, ಹಗಲಿನಲ್ಲಿ 55 ಡೆಸಿಬೆಲ್ ಎಂದು ಮಿತಿಯುಂಟು. ಅಳೆಯುವ ಉಪಕರಣ ನಮ್ಮಲ್ಲಿರಲಿಲ್ಲ; ಬೇಕಾಗಿಯೂ ಇರಲಿಲ್ಲ. ನಮ್ಮ ಮಾತು ಪಕ್ಕದಲ್ಲಿದ್ದವರಿಗೇ ಕೇಳಿಸುತ್ತಿರಲಿಲ್ಲ.

ಈ ಪಂಪು ನಮ್ಮ ಹೋಟೆಲುಗಳ ಸಂಪಿನಿಂದ ಮೇಲಿನ ಟಾಕಿಗೆ ನೀರೆತ್ತುವ ಪಂಪಿನ ಜಾತಿಯದಲ್ಲ. ದೋಣಿಗಳಲ್ಲಿಯೂ, ಮನೆಯನ್ನೇ ಹೊತ್ತು ತಿರುಗುವ ಪ್ರವಾಸಿ ವ್ಯಾನುಗಳಲ್ಲಿಯೂ ಬಳಸುವ, ಅಂಗೈ ಮೇಲೆ ನಿಲ್ಲಬಲ್ಲ ಸಣ್ಣ ಯಂತ್ರ. 12 ವೋಲ್ಟಿನ ಬ್ಯಾಟರಿಯಿಂದ ನಡೆಯುತ್ತದೆ. ಕಮ್ಮಾರನ ತಿದಿಯನ್ನು ನೋಡಿದವರಿಗೆ ಇದರ ರೀತಿ ಕೂಡಲೇ ತಿಳಿಯುವುದು. ಒಳಗೆ ರಬ್ಬರಿನ ಒಂದು ಪೊರೆಯುಂಟು, ಅದಕ್ಕೆ ಡಯಾಫ್ರಮ್ ಎನ್ನುತ್ತಾರೆ. ಮೋಟಾರು ಅದನ್ನು ಮೂರು ನಾಲ್ಕು ಕಡೆಗಳಲ್ಲಿ ಸರದಿಯಂತೆ ಒತ್ತುತ್ತ ಬಿಡುತ್ತ ಹೋಗುತ್ತದೆ. ಬಿಟ್ಟಾಗ ನೀರು ಒಳಕ್ಕೆ, ಒತ್ತಿದಾಗ ಹೊರಕ್ಕೆ. ಹಿಂದೆ ಹರಿಯದಂತೆ ಸಣ್ಣ ವಾಲ್ವುಗಳಿವೆ. ನಲ್ಲಿಯನ್ನು ಮುಚ್ಚಿದಾಗ ಪೈಪಿನೊಳಗೆ ಒತ್ತಡ ಏರಿ ಒಂದು ಸ್ವಿಚ್ಚು ಮೋಟಾರನ್ನು ನಿಲ್ಲಿಸುತ್ತದೆ. ತೆರೆದಾಗ ಒತ್ತಡ ಇಳಿದು ತಾನಾಗಿ ಮತ್ತೆ ನಡೆಯಿಸುತ್ತದೆ. ಇಂತಹ ಯಂತ್ರವು ಎಷ್ಟು ಉತ್ತಮವಾದುದಾದರೂ ಮಿಡಿಯುತ್ತಲೇ ಇರುವುದು. ಪೂರ್ಣ ಮೌನವನ್ನು ಅದರಿಂದ ಬಯಸುವಂತಿಲ್ಲ. ಆದರೆ ಮಿಡಿತವು ಬೇರೆ, ಗಡಗಡವು ಬೇರೆ.

ಪಂಪನ್ನು ಬೆಂಚಿನ ಕೆಳಗೆ ಒಂದು ಪ್ಲೈವುಡ್ ಪೆಟ್ಟಿಗೆಯ ತೆಳ್ಳನೆಯ ತಳಕ್ಕೆ ನಾಲ್ಕು ಸ್ಕ್ರೂಗಳಿಂದ ಬಿಗಿದಿದ್ದರು. ನಾವು ಸ್ಕ್ರೂಗಳನ್ನು ಕಳಚಿಸಿ, ಪೈಪುಗಳನ್ನು ಹಾಗೆಯೇ ಬಿಟ್ಟು, ಪಂಪನ್ನು ಮಾತ್ರ ಮೇಲಕ್ಕೆತ್ತಿ ಮಡಿಸಿದ ಗೋಣಿಯ ಮೇಲೆ ಹಿಡಿಸಿದೆವು; ಪುನಃ ನಲ್ಲಿ ತಿರುಗಿಸಿದೆವು. ಸದ್ದು ಅರ್ಧಕ್ಕಿಂತಲೂ ಕೆಳಗಿಳಿಯಿತು. ತರುಣರು ನಮ್ಮ ಮುಖವನ್ನೇ ನೋಡಿದರು. ಇದರಲ್ಲಿ ಮಾಯೆಯೇನೂ ಇಲ್ಲ. ಬರಿಯ ತಂತಿಯನ್ನು ಮೀಟಿದರೆ ಎಷ್ಟು ಕೇಳಿಸುತ್ತದೆ? ಅದೇ ತಂತಿಯನ್ನು ವೀಣೆಯ ಬುರುಡೆಗೆ ಬಿಗಿದಾಗ ಸಭೆಗೆಲ್ಲ ಕೇಳಿಸುವುದು. ಇಲ್ಲಿ ಪಂಪು ತಂತಿ, ಟೊಳ್ಳು ಪೆಟ್ಟಿಗೆ ಬುರುಡೆ. ಪಂಪಿನ ಕಾಲುಗಳಿಗೆ ಮೆತ್ತನೆಯ ರಬ್ಬರನ್ನು ಕೊಟ್ಟಿರುವುದು ಮಿಡಿತವು ಹಲಗೆಗೆ ಇಳಿಯದಿರಲೆಂದೇ. ಮೆಕ್ಯಾನಿಕನು ಸ್ಕ್ರೂಗಳನ್ನು ಇನ್ನು ತಿರುಗದೆಂಬಷ್ಟು ಬಿಗಿದುದರಿಂದ ಆ ರಬ್ಬರು ಚಪ್ಪಟೆಯಾಗಿ ಕಲ್ಲಿನಂತಾಗಿತ್ತು. ಸದ್ದು ಹೆಚ್ಚಿದಷ್ಟೂ ಹೆಚ್ಚು ಬಿಗಿಯುವುದು ನಮ್ಮ ಜನರ ಸ್ವಭಾವ. ಈ ವಿಷಯದಲ್ಲಿ ಅದೇ ತಪ್ಪು.

ಎರಡನೆಯ ಕಾರಣವೂ ಅಲ್ಲಿಯೇ ಇತ್ತು. ಪಂಪಿನ ಬಾಯಿಂದಲೇ ಗಟ್ಟಿ ಪ್ಲಾಸ್ಟಿಕ್ ಪೈಪನ್ನು ನೇರವಾಗಿ ಜೋಡಿಸಿ, ವ್ಯಾನಿನ ತಗಡಿನ ಗೋಡೆಗೆ ತಗುಲಿಸಿಕೊಂಡು ನಲ್ಲಿಯವರೆಗೆ ಒಯ್ದಿದ್ದರು. ಪಂಪು ಮಿಡಿದಾಗಲೆಲ್ಲ ಪೈಪು ತಗಡನ್ನು ಬಡಿಯುತ್ತಿತ್ತು. ಒಬ್ಬರು ನಲ್ಲಿ ತೆರೆದಿರಲು, ಇನ್ನೊಬ್ಬರು ಪೈಪಿನ ಉದ್ದಕ್ಕೂ ಅಲ್ಲಲ್ಲಿ ಕೈಯಿಂದ ಅದುಮಿ ಹಿಡಿಯುತ್ತ ಹೋದರೆ, ಎಲ್ಲಿ ಅದುಮಿದಾಗ ಸದ್ದು ಅಡಗುವುದೋ ಅಲ್ಲಿಯೇ ಬಡಿತವೆಂದು ಗೊತ್ತಾಗುವುದು. ಮೂರು ಕಡೆ ಹಾಗೆ ಸಿಕ್ಕಿತು. ಅಂಗಡಿಗಳು ತೆರೆದ ಬಳಿಕ ನೂಲಿನ ಹೆಣಿಗೆಯುಳ್ಳ, ಕುಡಿಯುವ ನೀರಿಗೆ ತಕ್ಕ ಬಾಗುವ ಪೈಪನ್ನು ತರಿಸಿ, ಪಂಪಿನ ಎರಡು ಪಕ್ಕಗಳಲ್ಲಿಯೂ ಅರ್ಧರ್ಧ ಮೀಟರಿನಷ್ಟು ಸಡಿಲವಾಗಿ ಬಾಗಿಸಿ ಜೋಡಿಸಿದೆವು. ಪೈಪು ಗೋಡೆಗೆ ತಗಲುವಲ್ಲಿ ರಬ್ಬರಿನ ತುಂಡುಗಳನ್ನು ಇಟ್ಟೆವು. ಪೆಟ್ಟಿಗೆಯ ತಳವನ್ನು ಬಿಟ್ಟು ದಪ್ಪ ಮರದ ಹಲಗೆಯ ಮೇಲೆ, ಕಾಲಿನ ರಬ್ಬರು ಮೈದಳೆದು ನಿಲ್ಲುವಷ್ಟೇ ಬಿಗಿದು, ಪಂಪನ್ನು ಕೂರಿಸಿದೆವು. ತೋಟಕ್ಕೆ ನೀರುಣಿಸುವ ಅಗ್ಗದ ಪೈಪನ್ನು ಯಾರೂ ಹಾಕಬಾರದು. ಅಡಿಗೆಯ ನೀರಿಗೆ ವಾಸನೆ ಬರುವುದು ಒಂದು. ಎಳೆತಕ್ಕೆ ಒಳಮುಖವಾಗಿ ಕುಸಿದು ತಾನೇ ಒಂದು ಹೊಸ ಸದ್ದಿಗೆ ಕಾರಣವಾಗುವುದು ಇನ್ನೊಂದು.

ಇಷ್ಟಕ್ಕೇ ಮುಗಿದಿದ್ದರೆ ನಾವು ಈ ಲೇಖನವನ್ನು ಬರೆಯುತ್ತಿರಲಿಲ್ಲ. ನಾವು ಅಂಗಡಿಗೆ ಹೋಗುವ ಮೊದಲು, ಇನ್ನೂ ಪಂಪು ಗೋಣಿಯ ಮೇಲೆಯೇ ಇದ್ದಾಗ, ಏಳೂವರೆ ಗಂಟೆಯ ಸುಮಾರಿಗೆ, ಗಿರಾಕಿಗಳು ನೆರೆದಿದ್ದಂತೆಯೇ ಬೇರೊಂದು ಸದ್ದು ಎದ್ದಿತು. ಇದು ಗಡಗಡವಲ್ಲ, ಟರ್‌ಟರ್‌ಟರ್ ಎಂಬ ಕರ್ಕಶ ಧ್ವನಿ. ನಲ್ಲಿಯಲ್ಲಿ ನೀರು ಉಗುಳಿದಂತೆ ತುಂಡುತುಂಡಾಗಿ ಬೀಳತೊಡಗಿತು. ನಲ್ಲಿಯನ್ನು ಮುಚ್ಚಿದರೂ ಪಂಪು ನಿಲ್ಲದು. “ನೋಡಿ ಅಣ್ಣ, ಇದೇ” ಎಂದು ತರುಣರು ತಲೆಯ ಮೇಲೆ ಕೈಯಿಟ್ಟರು. ಫೋನಿನಲ್ಲಿ ವಿಚಾರಿಸಿದಾಗ ಮೆಕ್ಯಾನಿಕನು, ಪಂಪೇ ಕಳಪೆ, ಬೇರೆ ಕಂಪೆನಿಯದನ್ನು ಹಾಕಬೇಕೆಂದನು.

ವ್ಯಾನಿನಲ್ಲಿ ಪಾತ್ರೆ ತೊಳೆಯಲು ಹಾವೇರಿ ಜಿಲ್ಲೆಯ ಹತ್ತೊಂಬತ್ತು ವರ್ಷದ ಹುಡುಗನೊಬ್ಬನಿದ್ದಾನೆ. ಅವನು ಕೈ ಒರಸಿಕೊಳ್ಳುತ್ತ, “ಅಣ್ಣಾರ, ಟಾಕಿ ಅರ್ಧಕ್ಕ ಬಂದ ಮ್ಯಾಲೆ ಹಿಂಗ ಒದರಾಕ ಹತ್ತತೈತ್ರಿ. ತುಂಬಿದ್ದಾಗ ಒದರಂಗಿಲ್ಲ” ಎಂದನು. “ನೀನು ಲೋಟ ತೊಳೆಯಪ್ಪ, ಮೊದಲು” ಎಂದು ತರುಣರು ಗದರಿದರು. ಗದರಿಸಿಕೊಂಡುದು ಅವನಿಗೆ ಇದೇ ಮೊದಲಲ್ಲವೆಂಬುದು ಅವನು ಸುಮ್ಮನೆ ತಿರುಗಿಕೊಂಡ ರೀತಿಯಿಂದಲೇ ತಿಳಿಯಿತು.

ನಮಗೆ ಎದೆಯಲ್ಲಿ ಏನೋ ಚುಚ್ಚಿದಂತಾಯಿತು. ನಾವು ಮುಂಬಯಿಯಲ್ಲಿ ಹೋಟೆಲು ನಡೆಸುತ್ತಿದ್ದ ಕಾಲ, 2011. ಮೆಟ್ಟಿಲ ಕೆಳಗೆ ಇದ್ದ ನಮ್ಮ ದೊಡ್ಡ ಪಂಪಿನೊಳಗೆ ಜಲ್ಲಿ ಹುರಿದಂತೆ ಸದ್ದಾಗುತ್ತಿದೆಯೆಂದು ಒಬ್ಬ ಕ್ಲೀನರನು ಮೂರು ದಿನ ಹೇಳಿದನು. ನಾಲ್ಕನೆಯ ದಿನ ನಾವು, ನಿನಗೆ ಪಂಪಿನ ವಿದ್ಯೆ ಯಾರು ಕಲಿಸಿದರೆಂದು ಎಲ್ಲರೆದುರು ಹಂಗಿಸಿದೆವು. ಅವನು ಮತ್ತೆ ಹೇಳಲಿಲ್ಲ. ಆ ಭಾನುವಾರ ಬೆಳಿಗ್ಗೆ ಒಂಬತ್ತಕ್ಕೆ, ಕೂರಲು ಜಾಗವಿಲ್ಲದಷ್ಟು ಗಿರಾಕಿಗಳಿದ್ದಾಗ, ಪಂಪು ಹೊಗೆಯಾಡಿ ನಿಂತಿತು. ಸಂಪಿನೊಳಗಿನ ಫುಟ್ ವಾಲ್ವಿನ ಜಾಲರಿಗೆ ಟೇಬಲು ಒರಸುವ ಬಟ್ಟೆಯ ಚೂರು ಸುತ್ತಿಕೊಂಡಿತ್ತು. ನೀರು ಸಾಕಷ್ಟು ಒಳಬಾರದಿದ್ದಾಗ ಪಂಪಿನೊಳಗೆ ಒತ್ತಡವು ತೀರ ಇಳಿದು, ತಣ್ಣಗಿರುವ ನೀರೇ ಕುದಿದು ಆವಿಯ ಗುಳ್ಳೆಗಳಾಗುವುದು; ಆ ಗುಳ್ಳೆಗಳು ಮುಂದೆ ಒತ್ತಡಕ್ಕೆ ಸಿಕ್ಕಿ ಒಡೆಯುವಾಗ ಜಲ್ಲಿಯ ಸದ್ದು. ಗುಳ್ಳೆ ಒಡೆದಲ್ಲೆಲ್ಲ ಲೋಹವೂ ಹುಳು ತಿಂದಂತೆ ಕುಳಿ ಬೀಳುವುದು. ನಮ್ಮ ಪಂಪಿನ ಸೀಲು ಸುಟ್ಟು, ನೀರು ಮೋಟಾರಿಗಿಳಿದು, ಕಾಯಿಲೂ ಹೋಗಿತ್ತು. ಟ್ಯಾಂಕರಿನ ಹಣ, ಹೊಸ ಪಂಪಿನ ಹಣ, ಆ ದಿನದ ವ್ಯಾಪಾರ ಎಲ್ಲವೂ ಕೈಬಿಟ್ಟುವು. ಹುಡುಗನು ಮರುತಿಂಗಳು ಬೇರೆ ಹೋಟೆಲಿಗೆ ಹೋದನು. ಅವನು ಹೋದುದಕ್ಕೆ ಪಂಪು ಕಾರಣವಲ್ಲವೆಂದು ನಾವು ಆಗ ನಮಗೆ ನಾವೇ ಹೇಳಿಕೊಂಡೆವು.

ಆದುದರಿಂದ ಹಾವೇರಿಯ ಹುಡುಗನನ್ನು ಕರೆದು ಕೂರಿಸಿಕೊಂಡು ಮೊದಲಿನಿಂದ ಕೇಳಿದೆವು. ಟಾಕಿಯನ್ನು ತುಂಬುವುದು ಯಾವಾಗ? ಸಂಜೆ. ಮೆಕ್ಯಾನಿಕನು ಬರುವುದು ಯಾವಾಗ? ತನ್ನ ಗ್ಯಾರೇಜು ಮುಚ್ಚಿದ ಮೇಲೆ, ರಾತ್ರಿ ಎಂಟಕ್ಕೆ. ಅಂದರೆ ಅವನು ಪ್ರತಿಸಲವೂ ತುಂಬಿದ ಟಾಕಿಯ ಮೇಲೆ ಪರೀಕ್ಷಿಸಿ, ಸರಿಯಾಯಿತೆಂದು ಹಣ ಪಡೆದು ಹೋಗಿದ್ದಾನೆ. ಪ್ರತಿಸಲವೂ ಮರುದಿನ ಏಳೂವರೆಗೆ, ಟಾಕಿ ಅರ್ಧವಾದಾಗ, ರೋಗ ಮರಳಿದೆ. ಹೊಸ ಪಂಪುಗಳೆರಡೂ ನಿರಪರಾಧಿಗಳು!

ಗಿರಾಕಿಗಳು ಕರಗಿದ ಬಳಿಕ ಟಾಕಿಯನ್ನು ಪೂರ್ಣ ತುಂಬಿಸಿದೆವು. 200 ಲೀಟರಿನ, 45 ಸೆಂಟಿಮೀಟರು ಎತ್ತರದ ಪ್ಲಾಸ್ಟಿಕ್ ಟಾಕಿ. ಪಂಪಿನ ಎಳೆಯುವ ಪೈಪು ಟಾಕಿಯ ನೆತ್ತಿಯಿಂದ ಒಳಗಿಳಿದು ತಳದವರೆಗೆ ಹೋಗುತ್ತದೆ. ಪಂಪು ಸದ್ದಿಲ್ಲದೆ ನಡೆಯಿತು. ಕೆಳಗಿನ ತೂಬಿನಿಂದ ನೀರನ್ನು ಬಕೆಟ್ಟುಗಳಿಗೆ ಬಿಡುತ್ತ, ಹುಡುಗನ ಕೈಯಲ್ಲಿ ಒಂದು ಅಳತೆಯ ಕಡ್ಡಿಯನ್ನು ಕೊಟ್ಟೆವು. ಟರ್‌ಟರ್ ಶುರುವಾದೊಡನೆ ಅವನು ಕಡ್ಡಿಯನ್ನು ಇಳಿಬಿಟ್ಟು ನೋಡಿದನು: ತಳದಿಂದ 22 ಸೆಂಟಿಮೀಟರು. ಒಂದು ಚೊಂಬು ನೀರು ಸುರಿದೆವು, ನಿಲ್ಲಲಿಲ್ಲ. ಎರಡು ಬಕೆಟ್ಟು ಸುರಿದೆವು, ಸ್ವಲ್ಪ ಹೊತ್ತು ಉಗುಳಿ ನಿಂತಿತು. ಪುನಃ ಇಳಿಸಿದೆವು, ಪುನಃ 22. ಆಗ ಒಳಗಿನ ಪೈಪನ್ನು ಎಳೆದು ಹೊರತೆಗೆದೆವು. ಒಂದೇ ಉದ್ದದ ಪೈಪು ಸಿಗದೆ, ಎರಡು ತುಂಡುಗಳನ್ನು ನಡುವೆ ಅಂಟಿಸಿ ಮಾಡಿದ್ದ ಪೈಪು ಅದು. ವ್ಯಾನಿನ ಕುಲುಕಾಟಕ್ಕೆ ಅಂಟು ಬಿಟ್ಟು, ಜೋಡಣೆಯಲ್ಲಿ ಉಗುರಿನ ಅಂಚು ತೂರುವಷ್ಟು ಸಂದು. ಕೆಳತುದಿಯಿಂದ ಅಳೆದರೆ 22 ಸೆಂಟಿಮೀಟರೇ.

ನೀರು ಸಂದಿನ ಮೇಲಿರುವವರೆಗೆ ಸಂದಿನಿಂದಲೂ ನೀರೇ ಒಳಬರುವುದರಿಂದ ತೊಂದರೆಯಿಲ್ಲ. ನೀರು ಅದರ ಕೆಳಗಿಳಿದೊಡನೆ ಪಂಪು ನೀರಿನೊಂದಿಗೆ ಗಾಳಿಯನ್ನೂ ಎಳೆಯುತ್ತದೆ. ಗಾಳಿಯನ್ನು ಒತ್ತಿದರೆ ಕುಗ್ಗುವುದೇ ಹೊರತು ನೀರಿನಂತೆ ಒತ್ತಡ ಕೊಡದು. ಆದುದರಿಂದ ನಲ್ಲಿ ಮುಚ್ಚಿದರೂ ಸ್ವಿಚ್ಚಿಗೆ ಬೇಕಾದ ಒತ್ತಡ ಏರದೆ ಪಂಪು ಬಡಬಡಿಸುತ್ತಲೇ ಇರುತ್ತದೆ. ಎಳೆಯುವ ಪಕ್ಕದ ಸೋರಿಕೆಯಲ್ಲಿ ಇನ್ನೊಂದು ಮೋಸವುಂಟು: ಅಲ್ಲಿ ನೀರು ಹೊರಗೆ ತೊಟ್ಟಿಕ್ಕುವುದಿಲ್ಲ, ಗಾಳಿಯು ಒಳಗೆ ನುಗ್ಗುತ್ತದೆ. ಒಣಗಿರುವ ಜೋಡಣೆಯನ್ನು ನೋಡಿ ಯಾರೂ ಸೋರಿಕೆಯೆನ್ನುವುದಿಲ್ಲ. ಹೊಸ ಪೈಪನ್ನು, ಈ ಸಲ ಒಂದೇ ತುಂಡಿನದು, ಹುಡುಗನೇ ಗರಗಸದಿಂದ ಕೊಯ್ದು ಇಳಿಸಿದನು. ಅದರ ಬೆಲೆಯನ್ನು ಬರೆದರೆ ಎರಡು ಪಂಪುಗಳಿಗೆ ಹಣ ತೆತ್ತ ತರುಣರು ನೊಂದುಕೊಂಡಾರು.

ಊರಿಗೆ ಮರಳುವಾಗ ರೈಲಿನಲ್ಲಿ ನಮಗೆ ಎಂದೋ ಓದಿದ ಒಂದು ಸಂಗತಿ ನೆನಪಾಯಿತು. 1638ರಲ್ಲಿ ಅಚ್ಚಾದ ಗೆಲಿಲಿಯೊನ ಸಂಭಾಷಣಾರೂಪದ ಗ್ರಂಥದಲ್ಲಿ ಒಂದು ಪಾತ್ರವು ಕೆಟ್ಟುಹೋದ ಪಂಪಿನ ಮಾತೆತ್ತುತ್ತದೆ. ರಿಪೇರಿಗೆ ಕರೆಸಿದ ಕೆಲಸಗಾರನು, ದೋಷವು ಪಂಪಿನದಲ್ಲ, ನೀರು ತೀರ ಕೆಳಗಿಳಿದಿದೆ, ಅಷ್ಟು ಆಳದಿಂದ ಅದನ್ನು ಎಳೆಯಲಾಗದು ಎಂದನಂತೆ. ಎಳೆಯುವ ಪಂಪು ಸುಮಾರು 10 ಮೀಟರಿಗಿಂತ ಮೇಲಕ್ಕೆ ನೀರನ್ನು ತರಲಾರದೇಕೆಂಬ ಆ ಪ್ರಶ್ನೆಯ ಬೆನ್ನು ಹತ್ತಿಯೇ 1640ರ ದಶಕದಲ್ಲಿ ಟೊರಿಚೆಲ್ಲಿಯು ಪಾದರಸದ ನಳಿಗೆಯನ್ನು ಮಾಡಿ, ನೀರನ್ನು ಮೇಲಕ್ಕೆ ತಳ್ಳುವುದು ವಾಯುವಿನ ಭಾರವೆಂದು ತೋರಿಸಿಕೊಟ್ಟನು. ಪಂಪಿನ ಬಳಿ ನಿಂತ ಕೆಲಸಗಾರನ ಮಾತನ್ನು ಗ್ರಂಥದಲ್ಲಿ ಸೇರಿಸಿದ ಗೆಲಿಲಿಯೊನ ದೊಡ್ಡತನವನ್ನು ಹೊಗಳುತ್ತ, 2011ರ ನಮ್ಮ ಸಣ್ಣತನವನ್ನೂ ಎಣಿಸಿಕೊಂಡೆವು.

ಇಂತಹ ವ್ಯಾನುಗಳನ್ನಿಟ್ಟುಕೊಂಡ ನಮ್ಮವರು ಈಗ ಇನ್ನೂ ಕೆಲವರಿರುವುದರಿಂದ ಉಳಿದ ಸದ್ದುಗಳನ್ನೂ ಹೇಳಿಬಿಡುತ್ತೇವೆ. ನಲ್ಲಿಯನ್ನು ಸ್ವಲ್ಪವೇ ತೆರೆದಾಗ ಪಂಪು ಕ್ಷಣಕ್ಕೊಮ್ಮೆ ಹೊತ್ತಿ ಆರುತ್ತಿದ್ದರೆ ಅದು ಒತ್ತಡದ ಸ್ವಿಚ್ಚಿನ ತಕರಾರು. ಪಂಪಿನ ಮುಂದೆ ಗಾಳಿ ತುಂಬಿದ ಒಂದು ಸಣ್ಣ ಒತ್ತಡದ ಡಬ್ಬಿಯನ್ನು ಜೋಡಿಸಿದರೆ ಅದು ಶಾಂತವಾಗುವುದು. ಎಲ್ಲ ನಲ್ಲಿಗಳನ್ನೂ ಮುಚ್ಚಿರುವಾಗ, ಟಾಕಿ ತುಂಬಿರುವಾಗ, ಅರ್ಧರಾತ್ರಿ ಪಂಪು ಒಮ್ಮೊಮ್ಮೆ ಎಚ್ಚರಗೊಂಡರೆ ಎಲ್ಲೋ ಒಂದೆಡೆ ನೀರು ಹೊರಗೆ ಸೋರುತ್ತಿದೆ, ಅಥವಾ ಒಳಗಿನ ವಾಲ್ವಿನಲ್ಲಿ ಕಸ ಕುಳಿತು ನೀರು ಹಿಂದಿರುಗುತ್ತಿದೆ. ಪಂಪಿನ ಬಾಯಲ್ಲಿರುವ ಸಣ್ಣ ಜಾಲರಿಯನ್ನು ಆಗಾಗ ಬಿಚ್ಚಿ ತೊಳೆಯಬೇಕು. ಈ ವ್ಯಾನಿನಲ್ಲಿ ಅದರೊಳಗೆ ಟಾಕಿಗೆ ತೂತು ಕೊರೆದಾಗಿನ ಪ್ಲಾಸ್ಟಿಕ್ ಪುಡಿಯೇ ಒಂದು ಚಮಚೆಯಷ್ಟಿತ್ತು. ನೀರು ಚೆನ್ನಾಗಿ ಬರುತ್ತಿದ್ದು, ಹಲಗೆಯಿಂದ ಎತ್ತಿ ಹಿಡಿದರೂ ಒಳಗೆ ಕಿರ್ರೆಂದು ಅರೆಯುವ ಸದ್ದಿದ್ದರೆ ಮಾತ್ರ ಬೇರಿಂಗು ಸವೆದಿದೆಯೆಂದು ತಿಳಿಯಬಹುದು; ಹೊಸ ಪಂಪಿನ ಮಾತು ಆಗ ಬರಲಿ. ಯಾವುದನ್ನು ಬಿಚ್ಚುವ ಮೊದಲೂ ಬ್ಯಾಟರಿಯ ಸ್ವಿಚ್ಚನ್ನು ತೆಗೆದು, ನಲ್ಲಿ ತೆರೆದು ಒತ್ತಡವನ್ನು ಇಳಿಸಿಕೊಳ್ಳುವುದನ್ನು ಮರೆಯಬಾರದು.

ಒಂದು ಕೆಲಸ ಮಾತ್ರ ನಾವಿದ್ದಾಗ ಆಗಲಿಲ್ಲ. ಪಂಪು ನಡೆಯುತ್ತಿದ್ದಾಗ ಬ್ಯಾಟರಿಯಲ್ಲಿ 12.4 ವೋಲ್ಟು, ಪಂಪಿನ ಬಳಿ 11.3 ವೋಲ್ಟು ತೋರಿಸಿತು. ಬ್ಯಾಟರಿಯಿಂದ ಪಂಪಿಗೆ 5 ಮೀಟರು. ಹೋಗುವ ಬರುವ ತಂತಿ ಸೇರಿ 10. ಹಾಕಿದ್ದುದು 1 ಚದರ ಮಿಲಿಮೀಟರಿನ ತಂತಿ. 6 ಆಂಪಿಯರು ಹರಿದರೆ ಅಷ್ಟು ತೆಳ್ಳನೆಯ ತಾಮ್ರದಲ್ಲಿ ಸುಮಾರು ಒಂದು ವೋಲ್ಟು ದಾರಿಯಲ್ಲಿಯೇ ಕರಗುವುದು. ಮೋಟಾರು ಬಳಲಿ ನರಳುವುದಕ್ಕೆ ಅದು ಕಾರಣ. 4 ಚದರ ಮಿಲಿಮೀಟರಿನ ತಂತಿಯನ್ನು ಹಾಕಿಸಿರೆಂದು ಬರೆದುಕೊಟ್ಟು ಬಂದೆವು.

ನವೆಂಬರ್ ಕೊನೆಯ ವಾರ ತರುಣರ ಫೋನು ಬಂದಿತು. ಕಾರ್ಯದರ್ಶಿಗಳು ಬೆಳಿಗ್ಗೆ ಐದೂವರೆಗೆ ಸ್ವತಃ ಬಂದು ವ್ಯಾನಿನ ಹೊರಗೆ ನಿಂತು ಕೇಳಿ, ಕಾಗದವನ್ನು ಹಿಂದಕ್ಕೆ ಪಡೆದರಂತೆ. ಮೊದಲ ಮಹಡಿಯವರಿಗೆ ಮಾತ್ರ ಈಗ ಪಾತ್ರೆಗಳ ಸದ್ದು ಕೇಳಿಸತೊಡಗಿದೆಯೆಂದೂ, ಪಾತ್ರೆ ಒರಗಿಸುವ ಕಟ್ಟೆಗೆ ರಬ್ಬರಿನ ಹಾಸು ಹಾಕೋಣವೆಂದು ಹುಡುಗನು ಹೇಳುತ್ತಿದ್ದಾನೆಂದೂ ತಿಳಿಸಿದರು. ತಂತಿಯನ್ನು ಬದಲಾಯಿಸಿದಿರಾ ಎಂದು ನಾವು ಕೇಳಿದೆವು. ಇನ್ನೂ ಇಲ್ಲವಂತೆ.